ಬಾಗಿದ ಕುರ್ಚಿ

ಹೊಸ ಫ್ಲೆಕ್ಸಿನ ಮೇಲೆ ಬಿಸಿಲು ಬಿದ್ದರೆ ಒಂದು ವಾಸನೆ ಏಳುತ್ತದೆ. ಕಾದ ರಬ್ಬರು, ಸೀಮೆಎಣ್ಣೆ, ಅದರೊಳಗೆ ಸ್ವಲ್ಪ ಬಣ್ಣ... ಹೋದ ತಿಂಗಳು ಹಾವೇರಿಯಿಂದ ಬಂದು ಹಿರೇಕೆರೂರು ಬಸ್ ನಿಲ್ದಾಣದಲ್ಲಿ ಇಳಿದು, ನಮ್ಮೂರು ಮಾಸೂರಿನ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಮೊದಲು ಬಡಿದದ್ದು ಆ ವಾಸನೆ. ಫ್ಲೆಕ್ಸು ಕಂಡದ್ದು ಆಮೇಲೆ. 'ಭಾವಪೂರ್ಣ ಶ್ರದ್ಧಾಂಜಲಿ', ಬಿಳಿ ಮೋಡ, ಎರಡು ಕಡೆ ದೀಪ, ನಡುವೆ ಒಬ್ಬ ತೆಳ್ಳನೆಯ ಬೆಳ್ಳನೆಯ ಮನುಷ್ಯ. ಗುರುತು ಹತ್ತಲಿಲ್ಲ. ಕೆಳಗೆ ಸ್ಟುಡಿಯೋದ ಹೆಸರು ಓದಿದ ಮೇಲೆ ಗೊತ್ತಾಯಿತು, ಅವರು ನಮ್ಮ ಸ್ಟುಡಿಯೋ ಕಾಕಾ.

ನಿಜ ಹೇಳುತ್ತೇನೆ, ದುಃಖವಾಗಲಿಲ್ಲ. ತಪ್ಪಿಸಿಕೊಂಡುಬಿಟ್ಟರಲ್ಲ ಎನಿಸಿತು.

ನನಗೆ ಗೊತ್ತಿದ್ದ ಕಾಕಾ ದಪ್ಪ ಮನುಷ್ಯ. ಒಂದರ ಕೆಳಗೊಂದು ಮಡಿಕೆ ಬಿದ್ದ ಗದ್ದ, ನಕ್ಕರೆ ಅಲುಗುವ ಹೊಟ್ಟೆ. ಫ್ಲೆಕ್ಸಿನಲ್ಲಿದ್ದವರಿಗೆ ಗದ್ದದ ಮಡಿಕೆಯೇ ಇರಲಿಲ್ಲ. ಅದನ್ನು ಅಳಿಸುವ ಭರದಲ್ಲಿ ಅಂಗಿಯ ಕಾಲರಿನ ಒಂದು ತುದಿಯೂ ಅಳಿಸಿ ಹೋಗಿತ್ತು. ನಾನು ಆ ಹೋದ ಕಾಲರನ್ನೇ ನೋಡುತ್ತ ನಿಂತೆ. ಒಳಗೊಳಗೇ ನಗು ಬಂತು. ಆ ನಗು ಒಳ್ಳೆಯದಾಗಿರಲಿಲ್ಲ.

ಅವರ ಸ್ಟುಡಿಯೋ ಹಿರೇಕೆರೂರಿನ ಪೇಟೆಯಲ್ಲಿ, ಗೋವಿನಜೋಳದ ಅಂಗಡಿಯೊಂದರ ಮೇಲಿತ್ತು. ಮೆಟ್ಟಿಲು ಹತ್ತುವಾಗ ಕೆಳಗಿನ ಜೋಳದ ಧೂಳು, ಬಾಗಿಲು ದಾಟಿದರೆ ಪೌಡರು ಮತ್ತು ಊದುಬತ್ತಿ. ಕನ್ನಡಿಯ ಪಕ್ಕದಲ್ಲಿ ದಾರ ಕಟ್ಟಿದ ಒಂದು ಬಾಚಣಿಕೆ, ಊರಿನವರಿಗೆಲ್ಲ ಅದೊಂದೇ. ಡಿಗ್ರಿ ಕೊನೆಯ ವರ್ಷ ಅವ್ವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ವರ ನೋಡಲು ಶುರು ಮಾಡಿದ್ದರು, ಗಂಡಿನ ಕಡೆಗೆ ಕಳಿಸಲು ಒಂದು ಫೋಟೋ ಬೇಕಿತ್ತು. ನಾನು ಅವ್ವನ ಇಳಕಲ್ ಸೀರೆ ಉಟ್ಟು, ಒಂದು ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟು ನಿಂತೆ. ನೆಟ್ಟನೆಯ ಕೋಲುಗಳ ಬೆನ್ನಿದ್ದ ಕಟ್ಟಿಗೆಯ ಕುರ್ಚಿ ಅದು.

ಆಮೇಲೆ ಕಾಕಾ ಕಂಪ್ಯೂಟರಿನ ಮುಂದೆ ಕುಳಿತರು. ಪರದೆಯ ಮೇಲೆ ಮೌಸಿನಿಂದ ನನ್ನ ತೋಳನ್ನು ಒಳಗೆ ತಳ್ಳಿದರು. ಸೊಂಟವನ್ನು ತಳ್ಳಿದರು. ಕೆನ್ನೆ ಇಳಿಸಿದರು, ಗದ್ದ ಒರೆಸಿದರು. ಹಸಿ ಮಣ್ಣನ್ನು ಬೆರಳಿನಿಂದ ಒತ್ತಿದಷ್ಟು ಸುಲಭವಾಗಿತ್ತು. ಮುಗಿದ ಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಇಲ್ಲಿ ನೋಡವಾ. ಇಷ್ಟ ತಗದ್ರ ಎಷ್ಟ ಛಂದ ಕಾಣ್ತಿ. ಇನ್ನ ಗಂಡಿನ ಕಡ್ಯಾವ್ರು ಪಾಳಿ ಹಚ್ಚತಾರ."

ಈ ಮಾತು ಅವರು ಹೀಗೇ ಆಡಿದರೇ? ವರ್ಷಗಳಿಂದ ಇದನ್ನು ಮನಸ್ಸಿನಲ್ಲಿ ತಿಕ್ಕಿ ತಿಕ್ಕಿ ನಾನೇ ಚೂಪು ಮಾಡಿಕೊಂಡಿರಬಹುದು. ಅವ್ವನನ್ನು ಕೇಳಿದರೆ, "ನೀನೂ ನಕ್ಕಿದ್ಯಲ್ಲ, ಇನ್ನೊಂದು ಕಾಪಿ ಕೊಡ್ರಿ ಅಂದಿದ್ದಿ" ಎನ್ನುತ್ತಾಳೆ. ಆ ವರ್ಷದ ಡೈರಿಯಲ್ಲಿ ಅವತ್ತಿನ ಕೆಳಗೆ ಇರುವುದು ಇಷ್ಟೇ: ಫೋಟೋ ತೆಗೆಸಿದೆವು, ಬರುವಾಗ ಗಿರ್ಮಿಟ್ಟು ಮಿರ್ಚಿ ತಿಂದೆವು. ಏನನ್ನೂ ಲೆಕ್ಕ ಹಾಕದೆ ತಿಂದ ಕೊನೆಯ ಮಿರ್ಚಿ ಅದೇ ಇರಬೇಕು...

ಬಂಕಾಪುರದಿಂದ ಒಂದು ಸಂಬಂಧದವರು ಬಂದರು. ನಾನು ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದಾಗ ಹುಡುಗನ ಸೋದರತ್ತೆ ಒಮ್ಮೆ ನನ್ನನ್ನು, ಒಮ್ಮೆ ಕೈಯಲ್ಲಿದ್ದ ಫೋಟೋವನ್ನು ನೋಡಿದಳು.

"ಈಕಿ ತಂಗೀದು ಕಳಿಸಿದ್ರೇನ್ರಿ ಮತ್ತ?"

ಎಲ್ಲರೂ ನಕ್ಕರು. ಏನು ಮಾಡಬೇಕೆಂದು ತಿಳಿಯದೆ ಅವ್ವನೂ ನಕ್ಕಳು. ನನಗೆ ತಂಗಿ ಇಲ್ಲ. ಇಲ್ಲದ ಆ ತಂಗಿಯಾಗಲು ನಾನು ಅವತ್ತು ಹೊರಟೆ.

ಮುಂದಿನದನ್ನು ಹೆಚ್ಚು ಬರೆಯಲಾರೆ. ಸೋಮವಾರದ ಉಪವಾಸ ಮೆಲ್ಲಗೆ ವಾರವನ್ನೆಲ್ಲ ಆವರಿಸಿತು. ಹುಡುಗಿಗೆ ಎಷ್ಟು ಭಕ್ತಿ ಎಂದು ಓಣಿಯವರು ಹೊಗಳಿದರು. ಯಾರಿಗೂ ಸಂಶಯ ಬರಲಿಲ್ಲ, ಅಷ್ಟು ಪವಿತ್ರವಾದ ಮರೆ ನನಗೆ ಸಿಕ್ಕಿತ್ತು. ಫೋಟೋದವಳು ನನ್ನ ಕಪಾಟಿನ ಬಾಗಿಲಿಗೆ ಅಂಟಿಕೊಂಡಿದ್ದಳು. ನಾನು ಅವಳ ಹತ್ತಿರ ಬಂದಷ್ಟೂ ಅವಳು ದೂರ ಹೋಗುತ್ತಿದ್ದಳು. ಕೂದಲು ಉದುರಿತು, ಮುಟ್ಟು ನಿಂತಿತು, ಬೇಸಿಗೆಯಲ್ಲೂ ಚಳಿಯಾಗುತ್ತಿತ್ತು. ಎಂ.ಎ. ಓದುತ್ತಿದ್ದಾಗ ಒಂದು ದಿನ ಹಾವೇರಿಯ ಬಸ್ಸಿನಿಂದ ಇಳಿಯುತ್ತ ಬಿದ್ದೆ. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ. ಅವ್ವ ನನ್ನ ಮಣಿಕಟ್ಟನ್ನು ತನ್ನ ಎರಡು ಬೆರಳಿನ ನಡುವೆ ಹಿಡಿದು ಕುಳಿತಿದ್ದಳು.

ಅಲ್ಲಿಂದ ಧಾರವಾಡಕ್ಕೆ ಕಳಿಸಿದರು. ಅಲ್ಲಿನ ಮನೋವೈದ್ಯೆ ನಿಧಾನದ ಹೆಂಗಸು. ಮೊದಮೊದಲು ನಾನು ಅವರ ಮುಂದೆ ಬರೀ ವಾದ ಮಾಡುತ್ತಿದ್ದೆ. ಒಂದು ದಿನ ಆ ಫೋಟೋವನ್ನೇ ಒಯ್ದು ಮೇಜಿನ ಮೇಲಿಟ್ಟೆ. ನಾನು ಮೊದಲು ಹೀಗಿದ್ದೆ, ಮತ್ತೆ ಹೀಗಾದರೆ ಸಾಕು, ಆಮೇಲೆ ಊಟ ಮಾಡುತ್ತೇನೆ ಎಂದೆ. ಸುಳ್ಳು ಹೇಳಲಿಲ್ಲ. ಅಷ್ಟು ಹೊತ್ತಿಗೆ ನಾನು ಅದನ್ನು ನಂಬಿದ್ದೆ. ಕಾಕಾನ ಬೆರಳು ಒತ್ತಿದ್ದು ನನ್ನ ನೆನಪಿನಿಂದಲೇ ಅಳಿಸಿಹೋಗಿತ್ತು.

ಅವರು ಫೋಟೋವನ್ನು ತುಂಬ ಹೊತ್ತು ನೋಡಿದರು.

"ಈ ಕುರ್ಚಿ ಯಾಕ ಬಾಗೈತಿ?" ಎಂದರು.

ನೋಡಿದೆ. ನನ್ನ ಸೊಂಟದ ಪಕ್ಕದಲ್ಲಿ ಕುರ್ಚಿಯ ಬೆನ್ನಿನ ಕೋಲು ಒಳಕ್ಕೆ ಬಾಗಿತ್ತು. ನನ್ನನ್ನು ತಳ್ಳಿದಾಗ ಅದೂ ತಳ್ಳಿಸಿಕೊಂಡಿತ್ತು. ಇಷ್ಟು ವರ್ಷ ದಿನವೂ ನೋಡುತ್ತಿದ್ದ ಫೋಟೋ... ಯಾವ ಬಡಗಿಯೂ ಅಂಥ ಕುರ್ಚಿ ಮಾಡಿರಲಾರ. ಅಂಥ ಹುಡುಗಿಯೂ ಎಂದೂ ಇರಲಿಲ್ಲ.

ಅವತ್ತು ನನಗೆ ಸಿಟ್ಟು ಬಂತು. ಹೊಟ್ಟೆಗಿಂತ ಮೊದಲು ತುಂಬಿದ್ದು ಸಿಟ್ಟು.

ಡಾಕ್ಟರು ಅವ್ವನಿಗೆ ಹೇಳಿ ಕಳಿಸಿದ್ದರು, ಮಗಳ ತಾಟಿನ ಬಗ್ಗೆ, ಮೈಯ ಬಗ್ಗೆ ಒಂದು ಮಾತೂ ಬೇಡ, ಜತೆಗೆ ಕುಳಿತು ಉಣ್ಣಿರಿ ಸಾಕು. ಪಾಪ, ಅವ್ವನಿಗೆ ಅದೇ ಕಷ್ಟ. ಬಾಯಿ ಬಿಗಿಹಿಡಿದು ರೊಟ್ಟಿ ಬಡಿಯುತ್ತಿದ್ದಳು. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕಲ್ಲಿನಲ್ಲಿ ಜಜ್ಜಿ ಮುಟಗಿ ಮಾಡಿ ನನ್ನ ಮುಂದಿಟ್ಟು, ಗೋಡೆ ನೋಡುತ್ತ ತಾನೂ ತಿನ್ನುತ್ತಿದ್ದಳು. ನಾನು ಒಂದೊಂದು ತುತ್ತನ್ನೂ ಕಾಕಾನ ವಿರುದ್ಧ ತಿಂದೆ. ಇದು ನಿನ್ನ ಮೌಸಿಗೆ, ಇದು ನಿನ್ನ ಪರದೆಗೆ... ಕಂಪ್ಯೂಟರಿನ ಇಲಿಯ ಮೇಲೆ ಅಷ್ಟು ದ್ವೇಷ ಸಾಧಿಸಿದವರು ಇನ್ನೊಬ್ಬರು ಇರಲಾರರು. ಸಿಟ್ಟಿನಿಂದ ಉಣ್ಣುವುದು ಗುಣವಾಗುವುದೇ ಎಂದು ಡಾಕ್ಟರನ್ನು ಕೇಳಿದೆ. "ಸದ್ಯ ಉಣ್ಣು. ಸಿಟ್ಟಿಂದು ಆಮ್ಯಾಲ ನೋಡೋಣಂತ" ಎಂದರು.

ದಾರಿ ನೇರವಾಗಿರಲಿಲ್ಲ. ಏರಿದೆ, ಜಾರಿದೆ, ಕನ್ನಡಿಗೆ ಬಟ್ಟೆ ಹೊದಿಸಿದೆ, ತೆಗೆದೆ. ಆದರೆ ಒಂದು ಮಧ್ಯಾಹ್ನ ಮದಗದ ಕೆರೆಯ ಕಡೆ ಹೊಲದಲ್ಲಿ ಆಳುಗಳ ಜತೆ ಬುತ್ತಿ ಬಿಚ್ಚಿ ಕುಳಿತವಳು, ಮಾತಾಡುತ್ತ ಮಾತಾಡುತ್ತ ತಿಂದು ಮುಗಿಸಿ ಕೈ ತೊಳೆದೆ. ಕಾಕಾ ನೆನಪಾಗಿರಲಿಲ್ಲ. ಫೋಟೋದವಳೂ. ಹಸಿವಾಗಿತ್ತು, ಉಂಡಿದ್ದೆ, ಅಷ್ಟೆ.

ಅದಾದ ಮೇಲೆ ಒಂದು ಆಸೆ ಹಿಡಿಯಿತು. ಕಾಕಾ ತಳ್ಳುವ ಮೊದಲಿನ ಫೋಟೋ ಬೇಕು. ಡಿಗ್ರಿಯ ವಯಸ್ಸಿನಲ್ಲಿ ನಾನು ನಿಜವಾಗಿ ಹೇಗಿದ್ದೆನೋ ಅದು. ನಮ್ಮ ಮನೆಯಲ್ಲಿ ಆ ದಿನಗಳದ್ದು ಬೇರೆ ಯಾವುದೂ ಇಲ್ಲ. ಅದನ್ನು ಅವರ ಕೈಯಿಂದಲೇ ಇಸಿದುಕೊಂಡು, ಆಗಿದ್ದನ್ನೆಲ್ಲ ಅವರ ಮುಖಕ್ಕೇ ಹೇಳಿ ಬರುವುದೆಂದು ಒಂದು ದಿನ ಮೆಟ್ಟಿಲು ಹತ್ತಿದೆ.

ಕಾಕಾ ಊಟ ಮಾಡಿ ಅದೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಬಾಯಿ ತೆರೆದಿತ್ತು. ಅಂಗಿಯ ಗುಂಡಿಗಳ ನಡುವೆ ಹೊಟ್ಟೆ ಇಣುಕುತ್ತಿತ್ತು, ಗದ್ದದ ಮಡಿಕೆಗಳು ಎದೆಯ ಮೇಲೆ ಇಳಿದಿದ್ದವು. ನಾನು ಮೊಬೈಲ್ ತೆಗೆದು ಅವರ ಫೋಟೋ ಹೊಡೆದೆ. ಊರಿನ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸಬೇಕು, ಪೇಟೆಯೆಲ್ಲ ನಗಬೇಕು, ಒಂದು ದಿನವಾದರೂ ಅವರಿಗೆ ತಮ್ಮ ಮೈ ಹೊತ್ತು ಮೆಟ್ಟಿಲು ಇಳಿಯಲು ನಾಚಿಕೆಯಾಗಬೇಕು. ಆಮೇಲೆ ಬಾಗಿಲು ಬಡಿದೆ.

ಎದ್ದು ಕಣ್ಣು ಉಜ್ಜಿಕೊಂಡು ನಾನು ಕೇಳಿದ್ದನ್ನು ಕೇಳಿಸಿಕೊಂಡರು.

"ಮದ್ಲಿಂದೇನ? ಅದನ್ಯಾರ ಇಟ್ಕೋತಾರವಾ. ಛಲೋದನ್ನ ಅದರ ಮ್ಯಾಲ ಸೇವ್ ಮಾಡಿಬಿಡ್ತೇನಿ. ಇಲ್ಲೀಮಟ ಯಾರೂ ಕೇಳಿಲ್ಲ ನೋಡು."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಈಗ ಮೈಕೈ ತುಂಬ್ಕೊಂಡಿ. ಕುಂದರು, ಇನ್ನೊಂದು ತಗೀತೇನಿ. ಅಂಜಬ್ಯಾಡ, ಸಣ್ಣ ಮಾಡೋಣಂತ."

ಆ ದನಿಯಲ್ಲಿ ಕೆಡುಕು ಇರಲಿಲ್ಲ. ಅದೇ ನನ್ನನ್ನು ಇನ್ನೂ ಸುಡುತ್ತದೆ. ಹೇಳಬೇಕೆಂದುಕೊಂಡಿದ್ದನ್ನೆಲ್ಲ ಹೊತ್ತುಕೊಂಡೇ ಮೆಟ್ಟಿಲು ಇಳಿದುಬಿಟ್ಟೆ. ಫೋಟೋವನ್ನೂ ಎಲ್ಲಿಗೂ ಕಳಿಸಲಿಲ್ಲ. ಅಂಥ ನಗು ಒಂದು ಮೈಗೆ ಏನು ಮಾಡುತ್ತದೆಂದು ಗೊತ್ತಿದ್ದ ಕಾರಣವೋ, ಇನ್ನೂ ದೊಡ್ಡ ಸಂದರ್ಭಕ್ಕೆಂದು ಕಾಯ್ದಿರಿಸಿದೆನೋ... ಮೊದಲನೆಯದೇ ಎಂದು ಹೇಳಿಕೊಳ್ಳಲು ಇಷ್ಟ. ನಂಬುವುದು ಕಷ್ಟ.

ಫ್ಲೆಕ್ಸು ನೋಡಿದ ಮಾರನೆಯ ದಿನ ಅವ್ವ ಬಿಡಲಿಲ್ಲ. ಕಾಕಾನ ಮನೆಗೆ ಮಾತಾಡಿಸಿಕೊಂಡು ಬರಲು ಕರೆದೊಯ್ದಳು. ಗೋಡೆಯ ಮೇಲೆ, ಹಾರದ ಒಳಗೆ, ಫ್ಲೆಕ್ಸಿನ ಅದೇ ಮುಖವಿತ್ತು. ಅವರ ಹೆಂಡತಿ ಅದರ ಕಡೆ ಬೆನ್ನು ಮಾಡಿ ಕುಳಿತಿದ್ದರು.

"ಇವ್ರು ಯಾರಂತ ಗೊತ್ತಾಗವಲ್ತು ನನಗ" ಎಂದರು ಅವ್ವನಿಗೆ. "ಆಧಾರ್ ಕಾರ್ಡಿಂದು ತಗೊಂಡು ಫ್ಲೆಕ್ಸಿನ ಹುಡುಗರು ಛಂದ ಮಾಡ್ಯಾರ. ನಮ್ಮ ಮನೆಯಾವ್ರ ಗದ್ದ ಹಿಂಗಿತ್ತೇನ ಯವ್ವಾ? ಊರ ಮಂದೀದೆಲ್ಲ ಫೋಟೋ ತಗದ್ರು, ತಮ್ಮದೊಂದು ತಗಸ್ಲಿಲ್ಲ. ಮುಂಜಾನೆದ್ದು ಕೈ ಮುಗಿಯಾಕ ಹೋದ್ರ ಪರರ ಗಂಡಸಿಗೆ ಮುಗದಂಗ ಆಕ್ಕೈತಿ."

ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಮೊಬೈಲ್ದಾಗ ಎಲ್ಲೆರ, ಯಾರದೆರ ಮದ್ವ್ಯಾಗ, ಹಿಂದ ನಿಂತದ್ದು ಒಂದು ಇದ್ರ ನೋಡ್ರಿ. ಹೆಂಗಿದ್ರೂ ನಡೀತೈತಿ."

ಮೊಬೈಲ್ ನನ್ನ ಕೈಯಲ್ಲೇ ಇತ್ತು.

"ನೋಡ್ತೇನ್ರಿ ಕಾಕೂ" ಎಂದೆ.

ಆಗಿನಿಂದ ನೋಡುತ್ತಲೇ ಇದ್ದೇನೆ. ಈಗ ಇದನ್ನು ಬರೆಯುವಾಗಲೂ ಅದು ಪಕ್ಕದಲ್ಲಿದೆ. ಬಾಯಿ ತೆರೆದ ಕಾಕಾ, ಹೊಟ್ಟೆಯ ಮೇಲೆ ಕೈ, ಅವರ ಹಿಂದೆ ನೆಟ್ಟಗೆ ನಿಂತ ಕುರ್ಚಿಯ ಕೋಲುಗಳು. ಚೆನ್ನಾಗಿ ಉಂಡು ಮಲಗಿದ ಮನುಷ್ಯನ ನೆಮ್ಮದಿ ಆ ಮುಖದಲ್ಲಿದೆ, ತೆಗೆದಾಗ ಅದು ನನಗೆ ಕಂಡಿರಲಿಲ್ಲ. ಕಾಕೂ ಅವರ ತಪ್ಪು ಏನೂ ಇಲ್ಲವೆಂದೂ ಗೊತ್ತು. ಒಂದು ಬೆರಳು ಒತ್ತಿದರೆ ಸಾಕು, ಫೋಟೋ ಅವರಿಗೆ ಹೋಗುತ್ತದೆ.

ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿದೆ, ಊಟಕ್ಕೆ ಕರೆಯುತ್ತಿದ್ದಾಳೆ. ಹಸಿವಾಗಿದೆ, ಹೋಗುತ್ತೇನೆ. ಕಳಿಸುತ್ತೇನೆ, ಇಲ್ಲವೆನ್ನುವುದಿಲ್ಲ. ಇವತ್ತಲ್ಲ. ಕಾಕಾನ ಗದ್ದ ನನ್ನ ಹತ್ತಿರವಾದರೂ ಇದೆ. ಆಗಿನ ನನ್ನದು ಯಾರ ಹತ್ತಿರವೂ ಇಲ್ಲ.