ವಾಪಸ್ ಸೀರೆ ಮೂಸುವ ಕೆಲಸ

ದುರ್ಗಿಗುಡಿಯ ಸೀರೆ ಅಂಗಡಿಯೊಂದರಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಗಲ್ಲಾದ ಹಿಂದೆ ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಬೋರ್ಡಿತ್ತು. ಅದನ್ನು ಓದಿಕೊಂಡೇ ಜನ ವಾಪಸ್ ತರುತ್ತಿದ್ದರು, ಯಜಮಾನರೂ ಆ ಬೋರ್ಡಿನ ಕೆಳಗೇ ಕೂತು ಬದಲಾಯಿಸಿ ಕೊಡುತ್ತಿದ್ದರು. ಅವರ ಷರತ್ತು ಎರಡೇ. ಬೆಳಗಿನ ಬೋಣಿ ಆಗುವ ಮೊದಲು ವಾಪಸ್ ಸೀರೆ ಮುಟ್ಟುವುದಿಲ್ಲ. ಉಟ್ಟ ಸೀರೆ ಯಾವ ಹೊತ್ತಿನಲ್ಲೂ ಬೇಡ.

ಉಟ್ಟಿದ್ದಾರೋ ಇಲ್ಲವೋ ಎಂದು ಪತ್ತೆ ಹಚ್ಚುವುದು ನನ್ನ ಕೆಲಸ. ಹೆಂಗಸರ ಸೀರೆಯನ್ನು ಗಂಡಸರು ಮೂಸಿದರೆ ಚೆನ್ನಾಗಿರುವುದಿಲ್ಲವೆಂದು ಯಜಮಾನರು ನನಗೆ ಒಪ್ಪಿಸಿದ್ದರು. ಮದುವೆಗೆ ಉಟ್ಟು, ನೀಟಾಗಿ ಮಡಚಿ, ‘ಬಣ್ಣ ಒಪ್ಪಲಿಲ್ಲ’ ಎಂದು ತರುವವರಿಗೇನೂ ಕಡಿಮೆಯಿರಲಿಲ್ಲ. ಸೆರಗಿಗೆ ಮೂಗು ಹಚ್ಚಿದರೆ ಮಲ್ಲಿಗೆ, ಪೌಡರು, ಬೆವರು ಎಲ್ಲ ಸಾಕ್ಷಿ ಹೇಳುತ್ತಿದ್ದವು. ವಿದ್ಯಾನಗರದ ಮೇಷ್ಟರೊಬ್ಬರ ಹೆಂಡತಿಯನ್ನು ಹಾಗೇ ಹಿಡಿದಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಲ್ಲ, ಆಮೇಲೆ ಅವರು ನಮ್ಮ ಅಂಗಡಿ ತಪ್ಪಿಸಿ ರಸ್ತೆಯ ಆಚೆ ಬದಿಯಲ್ಲೇ ಓಡಾಡುತ್ತಿದ್ದರು. ‘ನಿನ್ನ ಮೂಗಿಗೆ ಬೇರೆ ಸಂಬಳ ಕೊಡ್ಬೇಕು ಮಾರಾಯ್ತಿ’ ಎಂದು ಯಜಮಾನರು ನಗುತ್ತಿದ್ದರು. ಕೊಡಲಿಲ್ಲ, ಆ ಮಾತು ಬೇರೆ. ನನಗೆ ಜಂಬವಂತೂ ಬಂದಿತ್ತು.

ಒಂದು ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಭದ್ರಾವತಿಯಿಂದ ಒಬ್ಬಾಕೆ ಬಂದು ನಿಂತಿದ್ದರು. ಗಂಡನಿಗೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಮರುದಿನ ಮಗಳ ನಿಶ್ಚಿತಾರ್ಥ. ಹದಿನೈದು ದಿನದ ಹಿಂದೆ ನಮ್ಮಲ್ಲೇ ಕೊಂಡ ಹಸಿರು ರೇಷ್ಮೆ ಸೀರೆಯ ಅಂಚು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೀಲಿ ಕಂಡಿತ್ತು, ಬಿಸಿಲಿಗೆ ಹಿಡಿದರೆ ಕಪ್ಪು. ಹಿಂದಿನ ಸಂಜೆ ಗಂಡಿನ ತಾಯಿ ಬಂದು ನೋಡಿ, ಕರಿ ಅಂಚು ಉಡಿಸಿದರೆ ನಾವು ಶಾಸ್ತ್ರಕ್ಕೆ ಕೂರುವುದಿಲ್ಲ ಎಂದು ಹೇಳಿ ಹೋಗಿದ್ದರಂತೆ. ಬೋಣಿ ಆಗಿಲ್ಲವೆಂದು ಆಕೆಯನ್ನು ಬೆಂಚಿನ ಮೇಲೆ ಕೂರಿಸಿದೆವು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕೂತಿದ್ದರು.

ಬೋಣಿ ಆಗುವಷ್ಟರಲ್ಲಿ ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳು ಸೇರಿದ್ದರು. ಆಕೆಯ ಸೀರೆ ಕೈಗೆ ತೆಗೆದುಕೊಂಡದ್ದೇ ತಡ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮೂಗಿಗೆ ಹೊಡೆಯಿತು.

‘ಉಟ್ಟಿದ್ದಾರೆ. ಯಾವ್ದೋ ಊಟದ ಮನೆಯಿಂದ ಸೀದಾ ಬಂದಿದೆ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಒಬ್ಬಿಬ್ಬರು ನಕ್ಕರು. ಯಜಮಾನರು ಆಗಲ್ಲವೆಂದು ಕೈಯಲ್ಲಾಡಿಸಿದರು.

ಆಕೆ ಜಗಳ ತೆಗೆಯಲಿಲ್ಲ. ‘ಉಟ್ಟಿಲ್ಲಮ್ಮ. ನಮ್ದು ಒಂದೇ ಕೋಣೆ ಮನೆ. ಅಲ್ಲೇ ಒಲೆ, ಅಲ್ಲೇ ಟ್ರಂಕು. ಇನ್ನೆಲ್ಲಿಡ್ಲಿ ಹೇಳು?’ ಎಂದರು.

ಆಗ ಸೀರೆಯನ್ನು ಪೂರ್ತಿ ಬಿಚ್ಚಿದೆ. ಒಂದು ಸಲ ಉಟ್ಟರೂ ನೆರಿಗೆಯ ಗೆರೆ ಬೀಳುತ್ತದೆ, ಸೊಂಟಕ್ಕೆ ಸಿಕ್ಕಿಸಿದ ಕಡೆ ಸುಕ್ಕು ಉಳಿಯುತ್ತದೆ. ಇದರಲ್ಲಿ ಅಂಗಡಿಯ ಮಡಿಕೆ ಬಿಟ್ಟರೆ ಏನೂ ಇರಲಿಲ್ಲ. ನಮ್ಮ ಮನೆಯಲ್ಲಿ ಬೀರು ಇತ್ತು, ಬೀರು ಇಡಲು ಬೇರೆ ಕೋಣೆ ಇತ್ತು. ಬಟ್ಟೆಗೆ ಅಡುಗೆ ವಾಸನೆ ಹತ್ತಬೇಕಾದರೆ ಉಟ್ಟೇ ಹತ್ತಬೇಕು ಎಂದು ನಾನು ತಿಳಿದಿದ್ದು ಅದಕ್ಕೇ. ಸುಮ್ಮನಿದ್ದುಬಿಡೋಣ, ನನ್ನ ಮೂಗಿನ ಮರ್ಯಾದೆಯಾದರೂ ಉಳಿಯುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು.

‘ಅಣ್ಣ, ನಾನು ಹೇಳಿದ್ದು ತಪ್ಪು. ಉಟ್ಟಿಲ್ಲ’ ಎಂದು ಯಜಮಾನರಿಗೆ ಹೇಳಿದೆ. ಈ ಸಲ ನನ್ನ ದನಿ ಸಣ್ಣದಾಗಿತ್ತು. ನಕ್ಕವರಿಗೆ ಕೇಳಿಸಿರಲಿಕ್ಕಿಲ್ಲ.

ಯಜಮಾನರು ಒಪ್ಪಿದರು. ಆಕೆ ಕೆಂಪಂಚಿನದೊಂದನ್ನು ಬಾಗಿಲಿನಾಚೆ ಬಿಸಿಲಿಗೆ ಹಿಡಿದು ನೋಡಿ ಆರಿಸಿಕೊಂಡರು. ನಾನು ಪ್ಯಾಕ್ ಮಾಡುತ್ತಾ ‘ತಪ್ಪು ತಿಳ್ಕೋಬೇಡಿ ಅಮ್ಮ’ ಎಂದೆ.

‘ಅದಿರ್ಲಿ, ಇನ್ನೆರಡು ಪ್ಲಾಸ್ಟಿಕ್ ಕವರ್ ಕೊಡಮ್ಮ, ಬಿಗಿಯಾಗಿ ಸುತ್ತಿಡ್ತೀನಿ’ ಎಂದರು. ‘ನಾಳೆ ಗಂಡಿನೋರೂ ನಿನ್ಹಂಗೆ ಮೂಸಿ ನೋಡಿದ್ರೆ?’