ಅಕ್ಕನ ಟ್ಯಾಬ್ಲೆಟ್ಟಿನ ಮಸುಕು

ಹೊಸಬಾಳೆ ಹಳ್ಳಿಯಲ್ಲಿ ನಮ್ಮಕ್ಕನ ಮಂಚದ ಪಕ್ಕ ಎರಡು ಜಾತಿಯ ಟ್ಯಾಬ್ಲೆಟ್ಟುಗಳಿವೆ. ನುಂಗುವುದಕ್ಕೆ ನಾಲ್ಕು, ನೋಡುವುದಕ್ಕೆ ಒಂದು. ಮೊದಲಿನವು ಆಗಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಎರಡನೆಯದರಲ್ಲಿ ಎಲ್ಲವೂ ಸದಾ ಮಸುಕಾಗಿಯೇ ಕಾಣುತ್ತಿತ್ತು. ಈ ಎರಡನೆಯದರ ವೈದ್ಯ ನಾನು. ಶಿಕಾರಿಪುರದ ಕಾಲೇಜಿನಲ್ಲಿ ಛಂದಸ್ಸು ಪಾಠ ಹೇಳುವವನಿಗೆ ಯಂತ್ರಚಿಕಿತ್ಸೆಯ ಅಧಿಕಾರ ಎಲ್ಲಿಂದ ಬಂತು ಎಂದು ದಯವಿಟ್ಟು ಕೇಳಬೇಡಿ; ಆ ಟ್ಯಾಬ್ಲೆಟ್ಟನ್ನು ತಂದುಕೊಟ್ಟವನು ನಾನು ಎಂಬುದೇ ನನ್ನ ಏಕೈಕ ಅರ್ಹತೆ.

ಪಾರ್ಶ್ವವಾಯು ಬಡಿದ ಮೇಲೆ ಅಕ್ಕನ ಕೈಕಾಲು ಬೇಗ ಚೇತರಿಸಿಕೊಂಡವು, ಮಾತು ಮಾತ್ರ ಹೋದದ್ದು ಬರಲಿಲ್ಲ. ಮಾತು ಕಲಿಸುವ ಚಿಕಿತ್ಸಕಿಯೊಬ್ಬರ ಪಾಠಗಳನ್ನು ಇಂಟರ್ನೆಟ್ಟಿನಲ್ಲಿ ನೋಡಬೇಕು: 'ಪ' ಎನ್ನಲು ತುಟಿ ಹೇಗೆ ಕೂಡಬೇಕು, 'ತ' ಎನ್ನಲು ನಾಲಗೆ ಎಲ್ಲಿ ತಾಗಬೇಕು. ಅಕ್ಕನಿಗೆ ಕಾಣುತ್ತಿದ್ದದ್ದೋ, ತುಟಿಯ ಜಾಗದಲ್ಲಿ ಅಲುಗುವ ನಾಲ್ಕಾರು ಕೆಂಪು ಚೌಕಗಳು.

ಹೋದ ಭಾನುವಾರ ಟ್ಯಾಬ್ಲೆಟ್ಟನ್ನು ರಿಪೇರಿ ಮಾಡಲು ನಾಲ್ಕನೆಯ ಸಲ ಹೋದೆ. ಆಫ್ ಮಾಡಿ ಆನ್ ಮಾಡಿದೆ. ಬೇಡದ ಆ್ಯಪ್‌ಗಳನ್ನು ಅಳಿಸಿದೆ. ಜಗಲಿಯಲ್ಲಿದ್ದ ವೈಫೈ ಪೆಟ್ಟಿಗೆಗೆ ನಡುಮನೆಗೂ, ಅಲ್ಲಿಂದ ದೇವರ ಗೂಡಿಗೂ ಬಡ್ತಿ ಕೊಟ್ಟೆ. ಸಹಾಯವಾಣಿಯಾಕೆ, "ಸಾರ್, ನಮ್ ಕಡೆಯಿಂದ ಸ್ಪೀಡ್ ಸರಿ ಐತ್ರೀ, ನಿಮ್ ಕಡೆ ನೋಡ್ಕೊಳ್ರಿ" ಎಂದಳು. ನನ್ನ ಕಡೆ ನೋಡಿಕೊಂಡೆ. ಕಪ್ಪು ಪರದೆಯಲ್ಲಿ ಕನ್ನಡಕ ಜಾರಿದ, ದಣಿದ ಮನುಷ್ಯನೊಬ್ಬ ಕಂಡ.

ಅಷ್ಟರಲ್ಲಿ ಭಾವ ಗದ್ದೆಯಿಂದ ಬಂದರು. ಮದುವೆಯ ದಿನದಿಂದಲೂ ಅವರ ಮುಖದ ಅಧ್ಯಕ್ಷತೆ ವಹಿಸಿದ್ದ ಆ ಪೊದೆಮೀಸೆ ಇರಲಿಲ್ಲ.

"ಯಾರು ಹೋದ್ರು ಭಾವ?"

"ಯಾರೂ ಹೋಗ್ಲಿಲ್ಲ ಮಾರಾಯ," ಎಂದರು ಭಾವ, ನಾಚಿಕೊಂಡು. "ಅದ್ರಲ್ಲಿ ಬಾಯಿ ಕಾಣಲ್ಲ ಅಂತ ನಾನೇ ಹೇಳ್ಕೊಡಕ್ಕೆ ಕೂತೆ. ಮೀಸೆ ಅಡ್ಡ ಬರ್ತದೆ ಅಂತ ನಿಮ್ಮಕ್ಕ ಸನ್ನೆ ಮಾಡಿದ್ಲು. ತೆಗ್ದೆ."

ನಾನು ಸೆಟ್ಟಿಂಗುಗಳ ಒಳಗೆ ತಲೆ ತೂರಿಸಿದೆ. ಅಲ್ಲೊಂದು ಮೂಲೆಯಲ್ಲಿ 'ಡೇಟಾ ಸೇವರ್' ಎಂಬ ಗುಂಡಿ ನೀಲಿಯಾಗಿ ಹೊಳೆಯುತ್ತಿತ್ತು. ಚಿತ್ರ ಮಸುಕಾದರೂ ಚಿಂತೆಯಿಲ್ಲ, ಡೇಟಾ ಉಳಿಯಲಿ ಎನ್ನುವ ಗುಂಡಿ. ಕೊಟ್ಟ ದಿನವೇ ಅದನ್ನು ಒತ್ತಿಟ್ಟವನು, ನನ್ನ ಮುಂದಾಲೋಚನೆಯನ್ನು ನಾನೇ ಮೆಚ್ಚಿಕೊಂಡವನು, ಬೇರೆ ಯಾರೂ ಅಲ್ಲ.

"ತಪ್ಪು ನಂದೇ ಭಾವ," ಎಂದೆ, ಗುಂಡಿಯನ್ನು ಆರಿಸುತ್ತಾ.

"ಇರ್ಲಿ ಬಿಡು. ಈಗ ಕಾಣ್ತದಲ್ಲ."

ಕಾಣುತ್ತಿತ್ತು, ಚಿಕಿತ್ಸಕಿಯ ಹಲ್ಲುಗಳನ್ನು ಎಣಿಸಬಹುದಾಗಿತ್ತು. ಅಕ್ಕ ಒಂದು ಗಳಿಗೆ ಪರದೆ ನೋಡಿದಳು, ಆಮೇಲೆ ಅಭ್ಯಾಸಬಲದಿಂದ ಗಂಡನ ಕಡೆ ತಿರುಗಿದಳು. ಭಾವ "ಪಾ" ಎಂದರು. ಅವಳು "ಹಾ" ಎಂದಳು. ಮತ್ತೆ "ಪಾ", ಮತ್ತೆ "ಹಾ". ನನಗೋ ಪ್ರಾಯಶ್ಚಿತ್ತದ ಆತುರ. "ಇಲ್ಲಿ ನೋಡಕ್ಕ, ಇಲ್ಲಿ ಚೆನ್ನಾಗಿ ಕಾಣ್ತದೆ" ಎಂದು ಟ್ಯಾಬ್ಲೆಟ್ಟನ್ನು ಮುಖದ ಮುಂದೆ ಹಿಡಿದೆ. ಅತ್ತ ಭಾವನ ಪಕಾರ, ಇತ್ತ ಪರದೆಯ ಪಕಾರ. ನಡುವೆ ಸಿಕ್ಕ ಅಕ್ಕ ಕಣ್ಣು ಮುಚ್ಚಿ, ಎಡಗೈ ಎತ್ತಿದಳು.

"ಸಾಕು."

ಇಬ್ಬರೂ ಬಾಯಿ ಮುಚ್ಚಿದೆವು. ಪರದೆಯ ಹೆಂಗಸು ಮಾತ್ರ ಹೇಳುತ್ತಲೇ ಇದ್ದಳು; ನಾನು ಅವಳನ್ನೂ ನಿಲ್ಲಿಸಿದೆ. ಸಕಾರದ ಪಾಠ ಇನ್ನೂ ಶುರುವೇ ಆಗಿರಲಿಲ್ಲ.

"ಏನಂದೆ? ಇನ್ನೊಂದ್ಸಲ ಹೇಳೆ," ಎಂದು ಭಾವ ಅಂಗಲಾಚಿದರು.

ಅಕ್ಕ ಹೇಳಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು. ನಾವಿಬ್ಬರೂ ಪರೀಕ್ಷೆ ಪಾಸಾದವರ ಹಾಗೆ, ಅವಳು ಏಳುವ ತನಕ ಸದ್ದು ಮಾಡದೆ ಅಲ್ಲೇ ಕೂತೆವು.