ಹೊಗೆಸೊಪ್ಪಿನ ಅಮಲು ಎಂದವರು

ನಮ್ಮ ಭಾವನಿಗೆ ತಿಳಿಯದ ವಿಷಯ ಈ ಲೋಕದಲ್ಲಿಲ್ಲ. ಪಿರಿಯಾಪಟ್ಟಣದ ಕಡೆಯ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವ ಈ ಮಹಾನುಭಾವರು ನನ್ನ ಅಕ್ಕನ ಗಂಡ. ನಾನು ಕೆ.ಆರ್. ನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಎದೆನೋವಿನವರನ್ನು ನೋಡುತ್ತಲೇ ನನ್ನ ತಲೆ ನೆರೆತಿದೆ. ಆದರೂ ಆ ಮನೆಗೆ ಹೋದಾಗಲೆಲ್ಲ ಕಾಯಿಲೆ ಕಸಾಲೆಯ ಬಗ್ಗೆ ಪಾಠ ಹೇಳಿಸಿಕೊಳ್ಳುವವಳು ನಾನೇ.

ಹಸಿ ಸೊಪ್ಪು ಮುರಿದು ಕಡ್ಡಿಗೆ ಕಟ್ಟುವ ಕಾಲದಲ್ಲಿ ಅದರ ರಸ ಮೈಗೆ ಹತ್ತಿ ತಲೆ ಸುತ್ತುವುದು, ಬೆವರುವುದು, ವಾಂತಿಯಾಗುವುದು ಅಲ್ಲಿ ಮಾಮೂಲು. ಹೊಸದಾಗಿ ಕೂಲಿಗೆ ಬಂದವರಿಗಂತೂ ತಪ್ಪಿದ್ದಲ್ಲ. ಅಮಲೇರಿದೆ ಎಂದು ಮಜ್ಜಿಗೆ ಕುಡಿಸಿ ನೆರಳಲ್ಲಿ ಮಲಗಿಸುತ್ತಾರೆ. ಸಂಜೆಯ ಹೊತ್ತಿಗೆ ಎದ್ದು ಓಡಾಡುತ್ತಾರೆ. ತಾವಾಗಿಯೇ ವಾಸಿಯಾದ ಇಂಥವರನ್ನೆಲ್ಲ ನೋಡಿ ನೋಡಿ ಭಾವ ತಮ್ಮನ್ನು ತಾವೇ ಡಾಕ್ಟರು ಮಾಡಿಕೊಂಡಿದ್ದರು.

ಬರುತ್ತೇನೆಂದು ಹೇಳಿದ್ದಂತೆ ಒಂದು ದಿನ ರಜೆಯಲ್ಲಿ ಅಕ್ಕನನ್ನು ನೋಡಲು ಹೋದೆ. ಸೊಪ್ಪನ್ನು ಬಿಸಿಗೆ ಹದ ಮಾಡುವ ಬ್ಯಾರನ್ ಮನೆಯ ಮುಂದೆ, ಚಪ್ಪರದ ಕೆಳಗೆ ಅವಳು ಮುದುರಿ ಮಲಗಿದ್ದಳು. ಪಕ್ಕದಲ್ಲಿ ಮಜ್ಜಿಗೆಯ ಚೊಂಬು.

"ಸೊಪ್ಪು ತಲೆಗೇರ್ಕಂಡದೆ ಕಣವ್ವ. ಬೆಳಿಗ್ಗೆಯಿಂದ ವಾಂತಿ ಮಾಡ್ಕತಾವ್ಳೆ. ಒಸಿ ಮನಗಿದ್ರೆ ಸರೋಯ್ತದೆ ಬುಡು," ಎಂದರು ಭಾವ.

ಮದುವೆಯಾದಾಗಿನಿಂದ ಸೊಪ್ಪು ಕಟ್ಟುತ್ತಿರುವವಳಿಗೆ ಈಗ ಅಮಲಂತೆ! ಕೈ ಹಿಡಿದು ನೋಡಿದೆ. ಮೈ ತಣ್ಣಗೆ ಅಂಟಂಟು, ನಾಡಿ ಸಣ್ಣಗೆ ಓಡುತ್ತಿತ್ತು. ಎಲ್ಲಿ ನೋವು ಎಂದರೆ ಎದೆಯ ನಡುವೆ ಅಂಗೈ ಇಟ್ಟು, ಅಲ್ಲಿಂದ ದವಡೆಯವರೆಗೂ ಸವರಿ ತೋರಿಸಿದಳು. ಎಡಗೈ ಎತ್ತಲಾಗುತ್ತಿರಲಿಲ್ಲ. ಅಮಲು ದವಡೆ ಹಿಡಿಯುವುದಿಲ್ಲ.

"ಭಾವ, ಇದು ಹಾರ್ಟ್ ಅಟ್ಯಾಕ್. ಬೇಗ ಕಾರು ತರಿಸಿ."

"ಎಂಗಸ್ರಿಗೆ ಅದೆಲ್ಲ ಎಲ್ಲವ್ವ ಬತ್ತದೆ? ಆಸ್ಪತ್ರೇಲಿ ಇದ್ದೂ ಇದ್ದೂ ನಿಂಗೆ ಎಲ್ಲಾ ಅಂಗೇ ಕಾಣ್ತದೆ. ಇವತ್ತು ಬ್ಯಾರನ್ ತುಂಬಬೇಕು. ಇವ್ಳು ಒಂಟೋದ್ರೆ ಸೊಪ್ಪು ಕಟ್ಟೋರು ಯಾರು?"

ಇದೇ ಮನುಷ್ಯ ಹಿಂದಿನ ವರ್ಷ ಬಾಡೂಟದಲ್ಲಿ ಕಂಠಮಟ್ಟ ತಿಂದು, ತೇಗು ಸಿಕ್ಕಿಕೊಂಡಾಗ, "ಅಯ್ಯೋ ನನ್ನೆದೆ" ಎಂದು ಬೀದಿಯೆಲ್ಲ ಕೂಡಿಸಿದ್ದರು. ಒಂದು ಕಾರಿನಲ್ಲಿ ಇವರು, ಹಿಂದಿನ ಕಾರಿನಲ್ಲಿ ನೆಂಟರು, ಮೈಸೂರಿಗೆ ಮೆರವಣಿಗೆ. ಅಲ್ಲಿ ಗ್ಯಾಸ್ ಎಂದು ಹೇಳಿ ಕಳಿಸಿದರು. ಅವರ ತೇಗಿಗೆ ಮೈಸೂರು, ನನ್ನ ಅಕ್ಕನ ಎದೆಗೆ ಮಜ್ಜಿಗೆ! ಥೂ, ಇಂಥವರನ್ನು ಭಾವ ಎಂದು ಕರೆಯಬೇಕಲ್ಲ ಎಂದು ನನಗೆ ಮೈ ಉರಿದುಹೋಯಿತು.

ಮುಂದೆ ನಾನು ಯಾರ ಅಪ್ಪಣೆಗೂ ಕಾಯಲಿಲ್ಲ. ಬ್ಯಾಗಿನಲ್ಲಿದ್ದ ಆಸ್ಪಿರಿನ್ ಅಗಿಸಿದೆ, ಒರಗಿಸಿ ಕೂರಿಸಿದೆ, ಪಕ್ಕದ ಮನೆಯವರನ್ನು ಕೂಗಿ ಕಾರು ತರಿಸಿದೆ. "ನಡ್ಕಂಡ್ ಬತ್ತಾಳೆ ಬುಡವ್ವ," ಎಂದು ಭಾವ ಮತ್ತೆ ಬಾಯಿ ಹಾಕಿದರು. ಅವಳನ್ನು ಒಂದು ಹೆಜ್ಜೆ ನಡೆಸಿದರೂ ನಾನು ಸುಮ್ಮನಿರುವವಳಲ್ಲ ಎಂದು ಗದರಿ, ಕೂಲಿ ಹೆಂಗಸರಿಂದ ಕುರ್ಚಿ ಸಮೇತ ಎತ್ತಿಸಿದೆ. ಪಿರಿಯಾಪಟ್ಟಣದಲ್ಲಿ ಇಸಿಜಿ ತೆಗೆದವರು ನನ್ನ ಮುಖ ನೋಡಿ ಕೂಡಲೇ ಆಂಬುಲೆನ್ಸ್‌ಗೆ ಹೇಳಿದರು.

ಮೈಸೂರಿನಲ್ಲಿ, ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿದರು. ಅಕ್ಕ ಉಳಿದಳು. ಆದರೆ ಹೃದಯದ ಒಂದು ಭಾಗ ಸೋತುಹೋಗಿದೆ, ಬೆಳಿಗ್ಗೆಯೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಡಾಕ್ಟರು. ಇನ್ನು ಅವಳು ಭಾರ ಎತ್ತುವಂತಿಲ್ಲ.

ಮಾರನೆಯ ದಿನ ವಾರ್ಡಿನ ಹೊರಗೆ ನೆಂಟರ ನಡುವೆ ಭಾವ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. "ಮುಖ ನೋಡ್ದೇಟ್ಗೆ ನಂಗೆ ಗೊತ್ತಾಗೋಯ್ತು ಕಣ್ರೀ, ಇದು ಆರ್ಟ್ ಅಟ್ಯಾಕೇಯ ಅಂತ. ಒಂದ್ ಗಳಿಗೆ ತಡ ಮಾಡ್ನಿಲ್ಲ." ನೆಂಟರು ತಲೆದೂಗುತ್ತಿದ್ದರು. ಉತ್ತರ ಕೊಟ್ಟು ಬಾಯಿ ಹೊಲಸು ಮಾಡಿಕೊಳ್ಳುವುದು ಬೇಡವೆಂದು ನಾನು ಒಳಗೆ ಹೋದೆ.

ಅಕ್ಕನ ಮೇಲೂ ಕೋಪವಿತ್ತು. "ದವಡೆಗೆ ನೋವು ಬಂದಾಗಲೇ ಬಾಯಿ ಬಿಡೋದಲ್ವಾ? ಅವರು ಕೊಟ್ಟ ಮಜ್ಜಿಗೆ ಕುಡ್ಕೊಂಡು ಮಲಗಿದ್ಯಲ್ಲ?" ಎಂದೆ.

ಅವಳು ಹೊದಿಕೆ ಸರಿಮಾಡಿಕೊಂಡಳು.

"ಇಷ್ಟು ವರ್ಸ ಸೊಪ್ಪು ಕಟ್ದೋಳಿಗೆ ಅಮಲು ಯಾವ್ದು ಅಂತ ಗೊತ್ತಾಗಾಕಿಲ್ವೇನೇ? ಬೆಳಿಗ್ಗೇನೇ ಗೊತ್ತಾಯ್ತು. ನಂಗೋಸ್ಕರ ಕಾರು ತರಿಸ್ತಾರೆ ಅಂತ ಅನ್ನಿಸ್ನಿಲ್ಲ ಕಣೆ. ನೀನು ಬತ್ತೀನಿ ಅಂದಿದ್ದೆಯಲ್ಲ, ಕಾಯ್ತಾ ಮನಗಿದ್ದೆ."